ಮೊದಲು ತೆರವು, ಆಮೇಲೆ ದೊಡ್ಡಕ್ಷರ: ವೆಬ್‌ಮೇಲ್ ಪುಟವನ್ನು ಓದಿಗೆ ಒಗ್ಗಿಸುವ ಬಗೆ

ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೊದಲಾದ ಬ್ರೌಸರುಗಳಲ್ಲಿ, ಬೇರೆ ತಂತ್ರಾಂಶದ ಹಂಗಿಲ್ಲದೆ ತೆರೆದು ಓದಬಹುದಾದ ಅಂಚೆಯನ್ನು ವೆಬ್‌ಮೇಲ್ ಎನ್ನುತ್ತಾರೆ. ಜಿಮೇಲ್, ಔಟ್‌ಲುಕ್, ಯಾಹೂ, ರೆಡಿಫ್‌ಮೇಲ್ ಎಲ್ಲವೂ ಈ ಬಗೆಯವೇ. ಇವುಗಳ ಪುಟವನ್ನು ಒಮ್ಮೆ ಸಾವಧಾನವಾಗಿ ನೋಡಿದರೆ ಅದು ಓದುವವರಿಗಿಂತ ಹೆಚ್ಚಾಗಿ, ಬಂದದ್ದನ್ನು ಬೇಗಬೇಗ ವಿಂಗಡಿಸಿ ಬದಿಗಿಡುವ ಕಚೇರಿ ನೌಕರರಿಗೆ ಒಪ್ಪುವಂತೆ ರೂಪುಗೊಂಡದ್ದು ಎನ್ನುವುದು ತಿಳಿಯುತ್ತದೆ. ಎಡಕ್ಕೆ ಕಡತಗಳ ಪಟ್ಟಿ, ಬಲಕ್ಕೆ ಕ್ಯಾಲೆಂಡರ್ ಮತ್ತು ಟಿಪ್ಪಣಿಗಳ ಚಿತ್ರಗುರುತುಗಳು, ಮೇಲೆ ಹುಡುಕುವ ಪಟ್ಟಿ, ಅದರ ಕೆಳಗೆ ಗುಂಡಿಗಳ ಸಾಲು, ಇವೆಲ್ಲದರ ನಡುವೆ ಉಳಿದ ಜಾಗದಲ್ಲಿ ಸಣ್ಣ ಅಕ್ಷರದ ಕಾಗದ. ಅಕ್ಷರ ಸಣ್ಣದಾಗಿರುವುದು ಮತ್ತು ಪುಟ ಗಿಜಿಗುಡುತ್ತಿರುವುದು ಎರಡು ಬೇರೆ ಬೇರೆ ತೊಂದರೆಗಳಾಗಿದ್ದು, ಎರಡನ್ನೂ ಒಂದೇ ಎಂದು ಎಣಿಸಿ ನೇರವಾಗಿ ಅಕ್ಷರವನ್ನು ಹಿಗ್ಗಿಸಹೊರಟವರಿಗೆ ಅಕ್ಷರದ ಜೊತೆ ಗುಂಡಿಗಳೂ ಪಟ್ಟಿಗಳೂ ಹಿಗ್ಗಿ, ಕಾಗದಕ್ಕೆ ಉಳಿಯುವ ಜಾಗ ಇನ್ನಷ್ಟು ಕಿರಿದಾಗುವುದರಿಂದ, ಪ್ರಯತ್ನವನ್ನೇ ಕೈಬಿಡುವಂತಾಗುತ್ತದೆ. ಆದ್ದರಿಂದ ಬೇಡದ್ದನ್ನು ಮರೆಮಾಡುವುದು ಮೊದಲು, ಹಿಗ್ಗಿಸುವುದು ಆಮೇಲೆ ಎಂಬ ಕ್ರಮವನ್ನು ಪಾಲಿಸುವುದು ಲೇಸು.

ಕರಾವಳಿಯ ಗಂಗೊಳ್ಳಿಯಂತಹ ಊರಿನಲ್ಲಿ ಈ ವಿಷಯಕ್ಕೆ ತನ್ನದೇ ತೂಕವಿದೆ. ಪಂಚಗಂಗಾವಳಿ ನದಿಯ ಆಚೆ ದಡದ ಕುಂದಾಪುರ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ, ರಸ್ತೆಯಲ್ಲಿ ಹೋಗುವವರು ತ್ರಾಸಿಗೆ ಬಂದು ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದು ಸುತ್ತು ಹಾಕಿಯೇ ತಲುಪಬೇಕಾಗಿರುವುದರಿಂದ, ಬ್ಯಾಂಕಿನ ಅಥವಾ ವಿಮೆಯ ಒಂದು ಸಣ್ಣ ಕೆಲಸ ಮೇಲ್‌ನಲ್ಲೇ ಮುಗಿದರೆ ಅರ್ಧ ದಿನ ಉಳಿದಂತೆಯೇ ಸರಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಯಾಂತ್ರೀಕೃತ ಬೋಟುಗಳು ಬಂದರಿನಲ್ಲಿ ಸಾಲಾಗಿ ನಿಂತಿರುವಾಗ, ಕಡಲಿಗಿಳಿಯುವ ದಿನಗಳಲ್ಲಿ ಪುರುಸೊತ್ತಿಲ್ಲದೆ ಬಾಕಿ ಉಳಿಸಿದ ಸಾಲ, ವಿಮೆ, ಪರವಾನಗಿಗಳ ಕಾಗದಪತ್ರವನ್ನು ಬೋಟಿನ ಮಾಲಕರು ಕೈಗೆತ್ತಿಕೊಳ್ಳುವುದಕ್ಕೂ ಬಿಡುವು ಸಿಗುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲೋ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ಕಳುಹಿಸುವ ಟಿಕೆಟ್ಟು, ವೀಸಾ, ಆಸ್ಪತ್ರೆ ವರದಿಗಳು ಬರುವುದೂ ಇದೇ ದಾರಿಯಲ್ಲಿ. ಇವನ್ನೆಲ್ಲ ಓದಬೇಕಾದವರು ಬಹುಪಾಲು ಚಾಳೀಸು ಬಂದ ವಯಸ್ಸಿನವರು, ಅಂದರೆ ಸುಮಾರು ನಲವತ್ತರ ನಂತರ ಕಣ್ಣಿನ ಮಸೂರದ ಬಾಗುವ ಶಕ್ತಿ ಕುಗ್ಗಿ ಹತ್ತಿರದ ಅಕ್ಷರ ಮಸುಕಾಗತೊಡಗಿದವರು.

ಸಣ್ಣ ಅಕ್ಷರದಿಂದಾಗುವ ಹಾನಿ ಏನೆಂಬುದಕ್ಕೆ ಕರಾವಳಿಯ ಬ್ಯಾಂಕುಗಳ ವಿಲೀನಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಡನೆಯೂ, ಅದೇ ಊರಿನಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನೊಡನೆಯೂ ಸೇರಿದ ಮೇಲೆ, ಹಳೆಯ ಖಾತೆದಾರರು ಹೊಸ ಐಎಫ್‌ಎಸ್‌ಸಿ ಸಂಕೇತವನ್ನು ಬಳಸಬೇಕಾಯಿತು. ಹಣ ವರ್ಗಾಯಿಸುವಾಗ ಶಾಖೆಯನ್ನು ಗುರುತಿಸುವ ಈ ಸಂಕೇತದಲ್ಲಿ 11 ಅಕ್ಷರಾಂಕಗಳಿದ್ದು, ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳ ನಂತರ ಐದನೆಯ ಸ್ಥಾನದಲ್ಲಿ ಯಾವಾಗಲೂ ಸೊನ್ನೆ ಇರುತ್ತದೆ. ಅದು ಸೊನ್ನೆಯೋ ಇಂಗ್ಲಿಷಿನ 'ಓ' ಅಕ್ಷರವೋ ಎಂಬುದು ಸಣ್ಣ ಅಕ್ಷರದ ಮೇಲ್‌ನಲ್ಲಿ ಒಳ್ಳೆಯ ಕಣ್ಣಿಗೂ ಸುಲಭವಾಗಿ ತಿಳಿಯುವುದಿಲ್ಲ.

ಹೊಂದಿಸುವ ಕೆಲಸಕ್ಕೆ ಇಳಿಯುವ ಮುನ್ನ ಒಂದು ವ್ಯತ್ಯಾಸವನ್ನು ಮನದಟ್ಟು ಮಾಡಿಕೊಳ್ಳಬೇಕು. ಪರದೆಯ ಮೇಲೆ ಕಾಣುವ ಅಕ್ಷರದ ಗಾತ್ರವನ್ನು ಮೂರು ಪದರಗಳು ನಿರ್ಧರಿಸುತ್ತವೆ: ಕೆಳಗೆ ಕಂಪ್ಯೂಟರ್ ಅಥವಾ ಫೋನಿನ ಪದರ, ಅದರ ಮೇಲೆ ಬ್ರೌಸರಿನ ಪದರ, ಎಲ್ಲಕ್ಕಿಂತ ಮೇಲೆ ಮೇಲ್ ಖಾತೆಯ ಪದರ. ಖಾತೆಯೊಳಗೆ ಮಾಡಿದ ಬದಲಾವಣೆಯು ಅದೇ ಖಾತೆಯನ್ನು ಯಾವ ಕಂಪ್ಯೂಟರಿನಲ್ಲಿ ತೆರೆದರೂ ಜೊತೆಗೆ ಬರುತ್ತದೆ. ಬ್ರೌಸರಿನಲ್ಲಿ ಮಾಡಿದ್ದು ಆ ಬ್ರೌಸರಿಗೂ, ಯಂತ್ರದಲ್ಲಿ ಮಾಡಿದ್ದು ಆ ಯಂತ್ರಕ್ಕೂ ಸೀಮಿತ. ಹಬ್ಬಕ್ಕೆ ಊರಿಗೆ ಬಂದ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ತಂದೆಯ ಮೇಲ್ ತೆರೆದು ಅಕ್ಷರ ದೊಡ್ಡದು ಮಾಡಿಕೊಟ್ಟದ್ದು ಆಕೆ ಮರಳಿ ಹೋದೊಡನೆ ಮಾಯವಾಗುವುದಕ್ಕೆ ಕಾರಣ ಇದೇ. ಆ ಕೆಲಸ ತಂದೆ ಬಳಸುವ ಯಂತ್ರದಲ್ಲೇ ಆಗಬೇಕಿತ್ತು.

ತೆರವಿನ ಕೆಲಸ ಮುಖ್ಯವಾಗಿ ಖಾತೆಯ ಪದರದಲ್ಲಿ ನಡೆಯುತ್ತದೆ. ಜಿಮೇಲ್‌ನ ಬಲ ಮೇಲ್ತುದಿಯಲ್ಲಿರುವ ಹಲ್ಲಿನ ಚಕ್ರದ ಗುರುತನ್ನು ಒತ್ತಿದರೆ ತ್ವರಿತ ಸೆಟ್ಟಿಂಗುಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ 'ಡೆನ್ಸಿಟಿ' ಎಂಬುದು ಪಟ್ಟಿಯಲ್ಲಿ ಸಾಲುಗಳ ನಡುವಿನ ಅಂತರವನ್ನು ಸೂಚಿಸುತ್ತಿದ್ದು, 'ಡೀಫಾಲ್ಟ್' ಎಂಬಲ್ಲಿ ಲಗತ್ತುಗಳ ಗುರುತುಗಳೂ ವಿಷಯದ ಕೆಳಗೆ ಕಾಣುವುದರಿಂದ ಪಟ್ಟಿ ತುಂಬಿಕೊಂಡಂತಿರುತ್ತದೆ, 'ಕಾಂಪ್ಯಾಕ್ಟ್' ಎಂಬಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ. ಹಿರಿಯ ಓದುಗರಿಗೆ ಇವೆರಡರ ನಡುವಿನ 'ಕಂಫರ್ಟಬಲ್' ಹೊಂದುತ್ತದೆ. ಅದೇ ಪಟ್ಟಿಯ 'ರೀಡಿಂಗ್ ಪೇನ್' ಎಂದರೆ ಪರದೆಯನ್ನು ಸೀಳಿ ಒಂದು ಪಾಲಿನಲ್ಲಿ ಪಟ್ಟಿಯನ್ನೂ ಇನ್ನೊಂದು ಪಾಲಿನಲ್ಲಿ ಕಾಗದವನ್ನೂ ತೋರಿಸುವ ಏರ್ಪಾಡು. ದೊಡ್ಡಕ್ಷರ ಬೇಕಾದವರು ಇಲ್ಲಿ 'ನೋ ಸ್ಪ್ಲಿಟ್' ಎಂಬುದನ್ನೇ ಆರಿಸಬೇಕು, ಏಕೆಂದರೆ ಸೀಳಿದ ಪರದೆಯಲ್ಲಿ ಅಕ್ಷರ ಹಿಗ್ಗಿದಂತೆಲ್ಲ ಸಾಲಿಗೆ ನಾಲ್ಕೈದು ಪದಗಳಷ್ಟೇ ಉಳಿಯುತ್ತವೆ. 'ಥೀಮ್' ವಿಭಾಗದಲ್ಲಿ ಬೆಟ್ಟ ಕಡಲುಗಳ ಚಿತ್ರವನ್ನು ಹಿನ್ನೆಲೆಯಾಗಿ ಇಟ್ಟುಕೊಂಡವರು ಅದನ್ನು ತೆಗೆದು ಬರಿಯ ಬಿಳಿಗೆ ಮರಳುವುದು ಒಳ್ಳೆಯದು; ಚಿತ್ರ ಎಷ್ಟು ಚೆಂದವೋ ಅದರ ಮೇಲಿನ ಅಕ್ಷರಕ್ಕೆ ಅಷ್ಟೇ ಕೇಡು.

ಇನ್ನೂ ಆಳದ ಬದಲಾವಣೆಗಳಿಗೆ ಅದೇ ಪಟ್ಟಿಯ ನೆತ್ತಿಯಲ್ಲಿರುವ 'ಸೀ ಆಲ್ ಸೆಟ್ಟಿಂಗ್ಸ್' ಒತ್ತಿ 'ಜನರಲ್' ವಿಭಾಗಕ್ಕೆ ಹೋಗಬೇಕು. ಅಲ್ಲಿ 'ಸ್ನಿಪ್ಪೆಟ್ಸ್' ಎಂದರೆ ಪಟ್ಟಿಯಲ್ಲಿ ವಿಷಯದ ಪಕ್ಕದಲ್ಲೇ ಕಾಗದದ ಮೊದಲ ಕೆಲವು ಪದಗಳನ್ನು ತೋರಿಸುವ ವ್ಯವಸ್ಥೆ. ಅದನ್ನು ನಿಲ್ಲಿಸಿದರೆ ಪಟ್ಟಿಯಲ್ಲಿ ಕಳುಹಿಸಿದವರ ಹೆಸರು, ವಿಷಯ, ದಿನಾಂಕ ಇವಿಷ್ಟೇ ಉಳಿಯುತ್ತವೆ. ಮೌಸ್ ಪಟ್ಟಿಯ ಸಾಲಿನ ಮೇಲೆ ಹಾದಾಗಲೆಲ್ಲ ಅಳಿಸುವ, ಬದಿಗಿಡುವ ಗುಂಡಿಗಳು ಫಕ್ಕನೆ ಮೂಡಿ, ಕೈ ತುಸು ನಡುಗಿದರೂ ಬೇಕಾದ ಮೇಲ್ ಕಾಣೆಯಾಗುವಂತೆ ಮಾಡುವ 'ಹೋವರ್ ಆಕ್ಷನ್ಸ್' ಎಂಬುದನ್ನು ನಿಷ್ಕ್ರಿಯಗೊಳಿಸುವುದು ಉಚಿತ. 'ಬಟನ್ ಲೇಬಲ್ಸ್' ಎಂಬಲ್ಲಿ ಚಿತ್ರಗಳ ಬದಲು ಪದಗಳನ್ನು ಆರಿಸಿದರೆ, ಯಾವ ಗುರುತು ಕಸದ ಬುಟ್ಟಿ, ಯಾವುದು ಕಪಾಟು ಎಂದು ಊಹಿಸುವ ಕಷ್ಟ ತಪ್ಪುತ್ತದೆ. ಖಾತೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸುವ ಅವಕಾಶವೂ ಇದೇ ಪುಟದ ಮೇಲ್ಭಾಗದಲ್ಲಿದೆ. ಒಂದು ಪುಟಕ್ಕೆ ಎಷ್ಟು ಮೇಲ್ ಎಂಬುದನ್ನು ಸಾಮಾನ್ಯವಾಗಿರುವ 50ರಿಂದ 25ಕ್ಕೋ 10ಕ್ಕೋ ಇಳಿಸಬಹುದು. ಹೊರಗಿನ ಚಿತ್ರಗಳನ್ನು ತೋರಿಸುವ ಮೊದಲು ಕೇಳಬೇಕೆಂದು ಸೂಚಿಸಿದರೆ ಅಂಗಡಿಗಳ ಜಾಹೀರಾತು ಮೇಲ್‌ಗಳ ಬಣ್ಣದ ಗದ್ದಲ ಅಡಗುವುದಲ್ಲದೆ, ನೆಟ್‌ವರ್ಕ್ ನಿಧಾನವಿರುವಲ್ಲಿ ಪುಟವೂ ಬೇಗ ತೆರೆಯುತ್ತದೆ. 'ಇನ್‌ಬಾಕ್ಸ್' ವಿಭಾಗದಲ್ಲಿ ಪ್ರಮೋಷನ್ಸ್, ಸೋಷಿಯಲ್ ಮುಂತಾದ ಟ್ಯಾಬ್‌ಗಳನ್ನು ತೆಗೆಯುವ ಅವಕಾಶವಿದ್ದರೂ ಅಲ್ಲಿ ಆತುರ ಸಲ್ಲದು. ಅವು ಹೋದರೆ ಅವುಗಳಲ್ಲಿದ್ದ ಮಾರಾಟದ ಮೇಲ್‌ಗಳೆಲ್ಲ ಮುಖ್ಯ ಪಟ್ಟಿಗೇ ಬಂದು ಬೀಳುವುದರಿಂದ, ಇರುವ ವಿಂಗಡಣೆಯನ್ನು ಉಳಿಸಿಕೊಳ್ಳುವುದೇ ಹಲವರಿಗೆ ವಾಸಿ. 'ಚಾಟ್ ಅಂಡ್ ಮೀಟ್' ವಿಭಾಗದಲ್ಲಿ ಎರಡನ್ನೂ ಮುಚ್ಚಬಹುದು. ತ್ವರಿತ ಪಟ್ಟಿಯಲ್ಲಿ ಮಾಡಿದ ಬದಲಾವಣೆ ಒಡನೆಯೇ ಜಾರಿಗೆ ಬರುತ್ತದೆಯಾದರೂ, 'ಜನರಲ್' ಪುಟದಲ್ಲಿ ಮಾಡಿದ್ದು ಪುಟದ ತೀರ ತಳದಲ್ಲಿರುವ 'ಸೇವ್ ಚೇಂಜಸ್' ಗುಂಡಿಯನ್ನು ಒತ್ತುವವರೆಗೆ ಉಳಿಯುವುದಿಲ್ಲ. ಸೆಟ್ಟಿಂಗು ಎಷ್ಟು ಬಾರಿ ಬದಲಿಸಿದರೂ ಹಳೆಯದೇ ಬರುತ್ತದೆ ಎಂಬ ದೂರಿನ ಹಿಂದೆ ಹೆಚ್ಚಾಗಿ ಈ ಗುಂಡಿಯೇ ಇರುತ್ತದೆ.

ಎಡಗಡೆಯ ಪಟ್ಟಿಯನ್ನು ಮೇಲ್ತುದಿಯ ಮೂರು ಗೆರೆಗಳ ಗುರುತಿನಿಂದಲೂ, ಬಲಗಡೆಯದನ್ನು ಕೆಳತುದಿಯ ಸಣ್ಣ ಬಾಣದಿಂದಲೂ ಮಡಚಬಹುದು. ಇಷ್ಟಾದ ಮೇಲೆ ವಿಂಡೋಸ್ ಕಂಪ್ಯೂಟರಿನಲ್ಲಿ ಎಫ್ 11 ಕೀಲಿಯನ್ನು ಒತ್ತಿದರೆ ಬ್ರೌಸರಿನ ತಲೆಪಟ್ಟಿಯೂ ಮರೆಯಾಗಿ ಇಡೀ ಪರದೆ ಕಾಗದಕ್ಕೆ ಸಿಗುತ್ತದೆ. ಮತ್ತೊಮ್ಮೆ ಒತ್ತಿದರೆ ಎಲ್ಲವೂ ಮೊದಲಿನಂತೆ.

ಇನ್ನು ಹಿಗ್ಗಿಸುವ ಕೆಲಸ. ಬಂದ ಮೇಲ್‌ಗಳ ಅಕ್ಷರವನ್ನು ದೊಡ್ಡದು ಮಾಡುವ ಪ್ರತ್ಯೇಕ ಸೆಟ್ಟಿಂಗು ಜಿಮೇಲ್‌ನ ವೆಬ್ ರೂಪದಲ್ಲಿ ಇಲ್ಲ. 'ಡೀಫಾಲ್ಟ್ ಟೆಕ್ಸ್ಟ್ ಸ್ಟೈಲ್' ಎಂಬುದು ಅದೇ ಇರಬೇಕೆಂದು ಹಲವರು ತಿಳಿಯುತ್ತಾರಾದರೂ ಅದು ತಾವು ಬರೆಯುವ ಮೇಲ್‌ನ ಅಕ್ಷರಕ್ಕೆ ಸಂಬಂಧಿಸಿದ್ದು. ಅದನ್ನು ಅತಿ ದೊಡ್ಡದಕ್ಕೆ ಏರಿಸಿದರೆ ಹಿಗ್ಗಿದ ಅಕ್ಷರವನ್ನು ಕಾಣುವವರು ಪತ್ರ ಪಡೆದವರು. ಓದುವ ಅಕ್ಷರವನ್ನು ಹಿಗ್ಗಿಸುವ ಕೆಲಸ ಬ್ರೌಸರಿನದು: ಕಂಟ್ರೋಲ್ ಕೀಲಿಯನ್ನು ಹಿಡಿದು ಪ್ಲಸ್ ಒತ್ತಿದರೆ ಪುಟ ಹಿಗ್ಗುತ್ತದೆ, ಮೈನಸ್ ಒತ್ತಿದರೆ ಕುಗ್ಗುತ್ತದೆ, ಸೊನ್ನೆ ಒತ್ತಿದರೆ ಮೂಲ ಗಾತ್ರಕ್ಕೆ ಮರಳುತ್ತದೆ. ಕ್ರೋಮ್‌ನಲ್ಲಿ ಶೇಕಡ 100ರ ನಂತರ 110, 125, 150, 175, 200 ಹೀಗೆ ಮೆಟ್ಟಿಲುಗಳಿದ್ದು, ಒಂದು ತಾಣಕ್ಕೆ ಇಟ್ಟ ಗಾತ್ರವನ್ನು ಬ್ರೌಸರ್ ಆ ತಾಣಕ್ಕೆಂದೇ ನೆನಪಿಟ್ಟುಕೊಳ್ಳುವುದರಿಂದ ಮೇಲ್ ಮಾತ್ರ ದೊಡ್ಡದಾಗಿ ಉಳಿದ ತಾಣಗಳು ಇದ್ದಂತೆಯೇ ಇರುತ್ತವೆ. ಫೈರ್‌ಫಾಕ್ಸ್‌ನಲ್ಲಿ ಚಿತ್ರ, ಗುಂಡಿಗಳನ್ನು ಬಿಟ್ಟು ಬರಹವನ್ನಷ್ಟೇ ಹಿಗ್ಗಿಸುವ 'ಜೂಮ್ ಟೆಕ್ಸ್ಟ್ ಓನ್ಲಿ' ಎಂಬ ಆಯ್ಕೆ ಇರುವುದು ಗಮನಿಸತಕ್ಕದ್ದು. ಜಾಲತಾಣಗಳ ಸುಗಮ್ಯತೆಗೆ ಸಂಬಂಧಿಸಿದ ಅಂತಾರಾಷ್ಟ್ರೀಯ ಮಾರ್ಗಸೂಚಿಯ 2008ರ ಆವೃತ್ತಿಯೇ ಬರಹವನ್ನು ಶೇಕಡ 200ರವರೆಗೆ ಹಿಗ್ಗಿಸಿದರೂ ಪುಟದ ಯಾವ ಅಂಶವೂ ಕೆಡಬಾರದೆಂದು ವಿಧಿಸಿದೆ. ಆದರೆ ಬ್ಯಾಂಕು, ಅಂಗಡಿಗಳು ಕಳುಹಿಸುವ ಅಲಂಕಾರದ ಮೇಲ್‌ಗಳು ನಿಗದಿತ ಅಗಲದ ಕೋಷ್ಟಕಗಳೊಳಗೆ ಕೂತಿರುವುದರಿಂದ, ಅತಿಯಾಗಿ ಹಿಗ್ಗಿಸಿದರೆ ಸಾಲು ಪರದೆಯ ಆಚೆಗೆ ಹೋಗಿ, ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆಯಬೇಕಾಗುತ್ತದೆ. ಅಗಲವಾದ ಪರದೆಯಲ್ಲಿ ಬರುವ ತೊಂದರೆ ಇದಕ್ಕೆ ತದ್ವಿರುದ್ಧ: ಸರಳ ಮೇಲ್‌ನ ಸಾಲು ಈ ತುದಿಯಿಂದ ಆ ತುದಿಯವರೆಗೆ ಹರಡಿ, ಮುಂದಿನ ಸಾಲಿನ ಆರಂಭ ಕಣ್ಣಿಗೆ ತಪ್ಪುತ್ತದೆ. ಆಗ ಬ್ರೌಸರಿನ ಕಿಟಕಿಯನ್ನೇ ಅರ್ಧ ಪರದೆಗೆ ಕಿರಿದು ಮಾಡಿದರೆ, ಪತ್ರಿಕೆಯ ಅಂಕಣದಂತೆ ಸಾಲುಗಳು ಮೊಟಕಾಗಿ ಓದು ಸಲೀಸಾಗುತ್ತದೆ.

ಕನ್ನಡದ ಮೇಲ್‌ಗೆ ಇಂಗ್ಲಿಷಿನದಕ್ಕಿಂತ ಒಂದು ಮೆಟ್ಟಿಲು ಹೆಚ್ಚಿನ ಗಾತ್ರ ಬೇಕಾಗುತ್ತದೆ. ಇಂಗ್ಲಿಷಿನ ಅಕ್ಷರಗಳು ಒಂದೇ ಸಾಲಿನಲ್ಲಿ ಕೂರುವಂಥವು. ಕನ್ನಡದಲ್ಲಿ 'ರಾಷ್ಟ್ರೀಯ', 'ವಸ್ತ್ರ' ಎಂಬಂತಹ ಪದಗಳ ಒತ್ತಕ್ಷರಗಳು ಮೂಲ ಅಕ್ಷರದ ಕೆಳಗೆ, ಅದಕ್ಕಿಂತ ಕಿರಿದಾಗಿ ಜೋಡಣೆಗೊಳ್ಳಬೇಕಾಗಿರುವುದರಿಂದ, ಮೂಲ ಅಕ್ಷರ ಓದಬಲ್ಲಷ್ಟಿದ್ದರೂ ಒತ್ತು ಮಸುಕಾಗಿರಬಹುದು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ಭೇದ ಒಂದು ಸಣ್ಣ ಗೀಟಿನದಾಗಿದ್ದು, ಅಕ್ಷರ ಕುಗ್ಗಿದಾಗ ಮೊದಲು ಅಳಿಯುವುದು ಆ ಗೀಟೇ. ಹಳೆಯ ವಿಂಡೋಸ್ ಕಂಪ್ಯೂಟರುಗಳ 'ತುಂಗಾ' ಎಂಬ ಅಕ್ಷರವಿನ್ಯಾಸ ಬೇರೆ ವಿನ್ಯಾಸಗಳಷ್ಟೇ ಗಾತ್ರ ಇಟ್ಟರೂ ತುಸು ಚಿಕ್ಕದಾಗಿ ಕಾಣುತ್ತದೆ. ವಿಂಡೋಸ್ 8ರೊಂದಿಗೆ ಬಂದ 'ನಿರ್ಮಲಾ' ಅದಕ್ಕಿಂತ ಬಿಡಿಬಿಡಿಯಾಗಿದೆ.

ಎಷ್ಟು ಹಿಗ್ಗಿಸಿದರೂ ಓದಲಾಗದ ಒಂದು ಬಗೆಯ ಕನ್ನಡ ಮೇಲ್ ಕೂಡ ಇದೆ. ಯೂನಿಕೋಡ್ ಎಂಬುದು ಜಗತ್ತಿನ ಬಹುಪಾಲು ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ವ್ಯವಸ್ಥೆಯಾಗಿದ್ದು, ಅದರಲ್ಲಿ ಬರೆದ ಕನ್ನಡ ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಅದು ರೂಢಿಗೆ ಬರುವ ಮೊದಲಿನ ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದುದರಿಂದ, ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಸಂಘದ ಸಭೆಯ ತಿಳಿವಳಿಕೆ ಪತ್ರವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅಂಥ ಮೇಲ್ ಬಂದಾಗ ಕಣ್ಣನ್ನೋ ಕನ್ನಡಕವನ್ನೋ ಶಂಕಿಸದೆ, ಯೂನಿಕೋಡಿಗೆ ಬದಲಿಸಿ ಅಥವಾ ಪಿಡಿಎಫ್ ಮಾಡಿ ಕಳುಹಿಸುವಂತೆ ಕಳುಹಿಸಿದವರನ್ನೇ ಕೇಳಬೇಕು.

ಜಿಮೇಲ್‌ನಲ್ಲಿ ಓದುವುದಕ್ಕೆಂದೇ ಪ್ರತ್ಯೇಕ ನೋಟವಿಲ್ಲದಿದ್ದರೂ, ಹೆಚ್ಚು ಜನ ಗಮನಿಸದ ಒಂದು ಒಳದಾರಿ ಇದೆ. ತೆರೆದ ಮೇಲ್‌ನ ವಿಷಯದ ಸಾಲಿನ ಬಲತುದಿಯಲ್ಲಿ ಮುದ್ರಣ ಯಂತ್ರದ ಸಣ್ಣ ಗುರುತಿರುತ್ತದೆ. ಅದನ್ನು ಒತ್ತಿದಾಗ ಬ್ರೌಸರಿನಲ್ಲಿ ಹೊಸ ಪುಟವೊಂದು ತೆರೆದು, ಮುದ್ರಿಸಬೇಕೇ ಎಂದು ಕೇಳುವ ಚೌಕಟ್ಟು ಮೂಡುತ್ತದೆ. 'ಕ್ಯಾನ್ಸಲ್' ಒತ್ತಿದರೆ ಚೌಕಟ್ಟು ಹೋಗಿ, ಬಿಳಿಯ ಹಾಳೆಯ ಮೇಲೆ ಕಳುಹಿಸಿದವರ ಹೆಸರು, ದಿನಾಂಕ, ಒಕ್ಕಣೆ ಇವಿಷ್ಟೇ ಇರುವ ಪುಟ ಉಳಿಯುತ್ತದೆ. ಪಟ್ಟಿಯಿಲ್ಲ, ಗುಂಡಿಯಿಲ್ಲ, ಹೊಸ ಮೇಲ್ ಬಂದ ಸೂಚನೆಯೂ ಇಲ್ಲ. ಇದನ್ನು ಶೇಕಡ 150ಕ್ಕೋ 200ಕ್ಕೋ ಹಿಗ್ಗಿಸಿದರೆ, ಸರಳ ಬರಹದ ಮೇಲ್ ಆಗಿದ್ದ ಪಕ್ಷದಲ್ಲಿ, ಸಾಲುಗಳು ಕಿಟಕಿಯ ಅಗಲಕ್ಕೆ ತಕ್ಕಂತೆ ಮಡಚಿಕೊಳ್ಳುತ್ತವೆ. ಹತ್ತಾರು ಉತ್ತರ, ಮರುತ್ತರಗಳು ಪೋಣಿಸಿಕೊಂಡ ಮೇಲ್ ಆದರೆ, ಬೇಕಾದ ಒಂದನ್ನಷ್ಟೇ ಅದರ ಪಕ್ಕದ ಮೂರು ಚುಕ್ಕೆಗಳ ಪಟ್ಟಿಯಿಂದ ಮುದ್ರಣಕ್ಕೆ ಕಳುಹಿಸಿ ಇದೇ ರೀತಿ ಓದಬಹುದು. ಕಡಿಮೆ ವೇಗದ ಸಂಪರ್ಕಕ್ಕೆ ಒಪ್ಪುತ್ತಿದ್ದ ಜಿಮೇಲ್‌ನ ಸರಳ ಎಚ್‌ಟಿಎಂಎಲ್ ನೋಟವನ್ನು ಗೂಗಲ್ 2024ರ ಆರಂಭದಲ್ಲಿ ಹಿಂತೆಗೆದುಕೊಂಡ ನಂತರ, ಅದನ್ನು ನೆಚ್ಚಿಕೊಂಡಿದ್ದವರಿಗೆ ಈ ಮುದ್ರಣದ ಪುಟವೇ ಸದ್ಯಕ್ಕೆ ಹತ್ತಿರದ ಬದಲಿ.

ಈ ವಿಷಯದಲ್ಲಿ ಔಟ್‌ಲುಕ್ ಒಂದು ಹೆಜ್ಜೆ ಮುಂದಿದೆ ಎನ್ನಲು ಅಡ್ಡಿಯಿಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಅವರೊಂದಿಗೆ 1996ರ ಜುಲೈ 4ರಂದು ಆರಂಭಿಸಿದ ಹಾಟ್‌ಮೇಲ್ ಮುಂದಿನ ವರ್ಷದ ಕೊನೆಯಲ್ಲಿ ಮೈಕ್ರೋಸಾಫ್ಟ್ ಪಾಲಾಗಿ ಇಂದು ಔಟ್‌ಲುಕ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದು, ಹಳೆಯ ಹಾಟ್‌ಮೇಲ್ ವಿಳಾಸವನ್ನು ಬಿಡದೆ ಬಳಸುತ್ತಿರುವವರಿಗೂ ಅದರ ಸೌಲಭ್ಯಗಳೆಲ್ಲ ದೊರೆಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು 'ಇಮ್ಮರ್ಸಿವ್ ರೀಡರ್', ಅಂದರೆ ಕಾಗದದ ಒಕ್ಕಣೆಯನ್ನು ಮಾತ್ರ ಪೂರ್ಣ ಪರದೆಯಲ್ಲಿ ತೋರಿಸುವ ಓದುನೋಟ. ತೆರೆದ ಮೇಲ್‌ನ ಮೂರು ಚುಕ್ಕೆಗಳ ಪಟ್ಟಿಯಲ್ಲಿ 'ವ್ಯೂ' ಎಂಬುದರ ಅಡಿಯಲ್ಲಿ ಇದು ಸಿಗುತ್ತದೆ. ಇಲ್ಲಿ ಅಕ್ಷರದ ಗಾತ್ರವನ್ನು ಜಾರುಗುಂಡಿಯಿಂದ ಬೇಕಾದಷ್ಟು ಏರಿಸಿ, ಅಂತರವನ್ನು ಹೆಚ್ಚಿಸಿ, ಹಿನ್ನೆಲೆಗೆ ಕಣ್ಣಿಗೆ ಹಿತವಾದ ಬಣ್ಣವನ್ನು ಆರಿಸಬಹುದು. 'ಲೈನ್ ಫೋಕಸ್' ಎಂಬ ಸೌಲಭ್ಯ ಒಂದು, ಮೂರು ಅಥವಾ ಐದು ಸಾಲುಗಳನ್ನಷ್ಟೇ ಬೆಳಕಿನಲ್ಲಿಟ್ಟು ಉಳಿದದ್ದನ್ನು ಮಬ್ಬಾಗಿಸುವುದರಿಂದ, ಓದುತ್ತ ಓದುತ್ತ ಸಾಲು ತಪ್ಪುವವರಿಗೆ ಇದರಷ್ಟು ಅನುಕೂಲ ಬೇರೊಂದಿಲ್ಲ. ಔಟ್‌ಲುಕ್‌ನ ಸೆಟ್ಟಿಂಗುಗಳ 'ಲೇಔಟ್' ವಿಭಾಗದಲ್ಲಿ ಓದುವ ಪಾಲನ್ನು ಬಲಕ್ಕೋ ಕೆಳಕ್ಕೋ ಇಡುವ ಅಥವಾ ಅಡಗಿಸುವ ಆಯ್ಕೆಯೂ ಇದೆ. ಯಾಹೂ, ರೆಡಿಫ್‌ಮೇಲ್ ಬಳಸುವವರಿಗೆ ಬ್ರೌಸರಿನ ಹಿಗ್ಗಿಸುವಿಕೆಯೇ ಮುಖ್ಯ ಆಸರೆ.

ಫೋನಿನಲ್ಲಿ ಓದುವವರೇ ಹೆಚ್ಚಾಗಿರುವುದರಿಂದ ಅದರ ಬಗ್ಗೆಯೂ ಒಂದೆರಡು ಮಾತು ಅಗತ್ಯ. ಆಂಡ್ರಾಯ್ಡ್ ಫೋನಿನಲ್ಲಿ ಜಿಮೇಲ್ ಆ್ಯಪ್ ಫೋನಿನದೇ ಅಕ್ಷರಗಾತ್ರವನ್ನು ಅನುಸರಿಸುವುದರಿಂದ, ಸೆಟ್ಟಿಂಗುಗಳ 'ಡಿಸ್‌ಪ್ಲೇ' ವಿಭಾಗದಲ್ಲಿ 'ಫಾಂಟ್ ಸೈಜ್' ಏರಿಸಿದರೆ ಕೆಲಸವಾಗುತ್ತದೆ. ಐಫೋನಿನಲ್ಲಿ ಇದು 'ಡಿಸ್‌ಪ್ಲೇ ಅಂಡ್ ಬ್ರೈಟ್‌ನೆಸ್' ಅಡಿಯ 'ಟೆಕ್ಸ್ಟ್ ಸೈಜ್' ಎಂಬಲ್ಲಿದೆ. ಆದರೂ ಬ್ಯಾಂಕಿನ ಮೇಲ್ ಮಾತ್ರ ಇರುವೆಸಾಲಿನಂತೆ ಕಾಣುತ್ತಿದ್ದರೆ, ಆಂಡ್ರಾಯ್ಡ್‌ನ ಜಿಮೇಲ್ ಆ್ಯಪ್‌ನಲ್ಲಿ ಅಗಲವಾದ ಮೇಲ್ ಅನ್ನು ಪರದೆಗೆ ಹಿಡಿಸುವಂತೆ ಕುಗ್ಗಿಸುವ 'ಆಟೋ-ಫಿಟ್ ಮೆಸೇಜಸ್' ಎಂಬ ಆಯ್ಕೆಯನ್ನು ತೆಗೆದು ನೋಡಬೇಕು.

ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರ ತೋರಿಸುವ ಡಾರ್ಕ್ ಮೋಡ್ ಕಣ್ಣಿಗೆ ತಂಪೆಂಬ ಮಾತು ಪ್ರಚಾರದಲ್ಲಿದ್ದರೂ ಅದು ಎಲ್ಲರಿಗೂ ಹೊಂದುವುದಿಲ್ಲ. ಕಪ್ಪಿನ ಮೇಲೆ ಬಿಳಿಯ ಅಕ್ಷರ ಅಂಚು ಚದುರಿದಂತೆ ಕಾಣುವವರು, ಮುಖ್ಯವಾಗಿ ದೃಷ್ಟಿವಕ್ರತೆ ಇರುವವರು, ಬಿಳಿಯ ಪುಟವನ್ನೇ ಉಳಿಸಿಕೊಂಡು ಪರದೆಯ ಬೆಳಕನ್ನು ತುಸು ತಗ್ಗಿಸುವುದು ಮೇಲು.

ದೊಡ್ಡಕ್ಷರದ ಓದಿನಿಂದ ವಂಚನೆಯ ಮೇಲ್‌ಗಳನ್ನು ಗುರುತಿಸುವುದೂ ಸುಲಭವಾಗುತ್ತದೆ. ಇಂಗ್ಲಿಷಿನ 'ಆರ್' ಮತ್ತು 'ಎನ್' ಸಣ್ಣಕ್ಷರಗಳನ್ನು ಒತ್ತಾಗಿ ಬರೆದರೆ 'ಎಂ' ಅಕ್ಷರದಂತೆಯೂ, 'ಎಲ್' ಸಣ್ಣಕ್ಷರ ಒಂದರ ಅಂಕಿಯಂತೆಯೂ ಕಾಣುವುದನ್ನೇ ನೆಚ್ಚಿ, ಬ್ಯಾಂಕಿನದೇ ಎನಿಸುವ ವಿಳಾಸಗಳನ್ನು ವಂಚಕರು ಕಟ್ಟುತ್ತಾರೆ. ಜಿಮೇಲ್‌ನಲ್ಲಿ ಕಳುಹಿಸಿದವರ ಹೆಸರಿನ ಕೆಳಗಿನ ಸಣ್ಣ ಬಾಣವನ್ನು ಒತ್ತಿ ಪೂರ್ಣ ವಿಳಾಸವನ್ನು ತೆರೆದು, ಪುಟವನ್ನು ಶೇಕಡ 200ಕ್ಕೆ ಏರಿಸಿ ಅಕ್ಷರಕ್ಷರವಾಗಿ ಓದಿದರೆ ಇಂಥ ವೇಷ ಬಹುಮಟ್ಟಿಗೆ ಬಯಲಾಗುತ್ತದೆ. ಇದೇ ಕೆಲಸವನ್ನು ಗ್ರಾಮ ಒನ್ ಕೇಂದ್ರದಲ್ಲೋ ಸೈಬರ್ ಕೆಫೆಯಲ್ಲೋ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಮಾಡಿದವರು ಏಳುವ ಮುನ್ನ ಕಂಟ್ರೋಲ್ ಮತ್ತು ಸೊನ್ನೆ ಒತ್ತಿ ಗಾತ್ರವನ್ನು ಮೊದಲಿನಂತೆ ಮಾಡಿ, ಮುದ್ರಣದ ಪುಟ ತೆರೆದೇ ಉಳಿದಿದ್ದರೆ ಅದನ್ನೂ ಮುಚ್ಚಿ, ಖಾತೆಯಿಂದ ಸೈನ್ ಔಟ್ ಆಗಬೇಕು. ಆ ಯಂತ್ರದಲ್ಲಿ ಪಾಸ್‌ವರ್ಡ್ ಉಳಿಸಬೇಕೇ ಎಂದು ಬ್ರೌಸರ್ ಕೇಳಿದ್ದರೆ ಅದಕ್ಕೆ ಬೇಡವೆಂದೇ ಉತ್ತರಿಸಿರಬೇಕು.